ಲಿಫ್ಟ್ ಮಾಡಿಸಿದ ಟ್ರಕ್ಕಿಗೆ ಟ್ರೇಲರ್ ಕಟ್ಟೋ ಮುಂಚೆ ಟೇಪ್ ಹಿಡಿದು ಅಳೀರಿ

ಟೆಕ್ಸಾಸಲ್ಲಿ ಪಿಕಪ್ ತಗೊಂಡ ಮೇಲೆ ಎತ್ತರ ಮಾಡಿಸದೇ ಇರೋಕೆ ಮನಸ್ಸು ಕೇಳಲ್ಲ. ನಾನೂ 6 ಇಂಚು ಲಿಫ್ಟ್ ಹಾಕಿಸ್ದೆ, 33 ಇಂಚಿನ ಟೈರ್ ತೆಗೆಸಿ 35 ಹಾಕಿಸ್ದೆ, ಆಮೇಲೆ ಹಳೇ ಹಿಚ್ಚಿಗೇ (ಟ್ರಕ್ಕಿನ ಹಿಂದೆ ಟ್ರೇಲರ್ ಸಿಗಿಸೋ ಕೊಂಡಿ) ಕ್ಯಾಂಪಿಂಗ್ ಟ್ರೇಲರ್ ಸಿಗಿಸ್ಕೊಂಡು ಹೈವೇ ಹತ್ತಿದೆ ನೋಡಿ, ಪಕ್ಕದಲ್ಲಿ ದೊಡ್ಡ ಲಾರಿ ಸರ್ರಂತ ಹೋಗಿದ್ದೇ ತಡ ಹಿಂದಿಂದ ಯಾರೋ ಗಾಡಿ ಹಿಡಿದು ಅಲ್ಲಾಡಿಸ್ದಂಗಾಯ್ತು.

ಲಿಫ್ಟಿಂದ 6, ಟೈರಿಂದ 1, ಹಿಚ್ 7 ಇಂಚು ಮೇಲೆ ಹೋಗಿತ್ತು. ಟ್ರೇಲರ್ ಮೂತಿ ಎತ್ಕೊಂಡು ನಿಂತಿತ್ತು. ಎತ್ತಿನ ಗಾಡೀಲಿ ಹಿಂದೆ ಭಾರ ಜಾಸ್ತಿ ಆದ್ರೆ ಮೂಕಿ ಮೇಲೇಳುತ್ತಲ್ಲ, ಅದೇ ಕಥೆ. ಮುಂದೆ ಭಾರ ಕಮ್ಮಿ ಆದಷ್ಟೂ ಟ್ರೇಲರ್ ಬಾಲ ಆಡ್ಸುತ್ತೆ.

ಮೊದಲು ಸಮ ನೆಲದಲ್ಲಿ, ಲೋಡ್ ಹಾಕಿದ ಟ್ರೇಲರನ್ನ ಜ್ಯಾಕಲ್ಲಿ ಮಟ್ಟ ಮಾಡಿ ಕಪ್ಲರ್, ಅಂದ್ರೆ ಟ್ರೇಲರ್ ಮೂತೀಲಿರೋ ಕೊಂಡಿಯ ಎತ್ತರ ಅಳೀರಿ. ಆಮೇಲೆ ಟ್ರಕ್ಕಿನ ರಿಸೀವರ್, ಅಂದ್ರೆ ಹಿಚ್ ತೂರಿಸೋ ಕೊಳವೆಯ ಎತ್ತರ. ನನ್ನದು 19 ಮತ್ತು 27, ಅಂದ್ರೆ 8 ಇಂಚು ಇಳಿಯೋ ಡ್ರಾಪ್ ಹಿಚ್ ಬೇಕು. ಲೋಡ್ ಬಿದ್ರೆ ಟ್ರಕ್ಕಿನ ಹಿಂಭಾಗ ಸ್ವಲ್ಪ ಕೂರುತ್ತೆ, ಹಾಗಾಗಿ ಮೇಲೆ ಕೆಳಗೆ ಮಾಡೋಕೆ ಬರೋದನ್ನೇ ತಗೊಳ್ಳಿ. ಅದರ ಮೇಲೆ ಕೊರೆದಿರೋ ತೂಕದ ಲಿಮಿಟ್ ಓದಿ, ಕೆಲವಕ್ಕೆ ಕೆಳಗಿಳಿಸಿದಷ್ಟೂ ಲಿಮಿಟ್ ಕಮ್ಮಿ ಆಗುತ್ತೆ.

ಇನ್ನು ತೂಕ. ಟ್ರೇಲರಿನ ಒಟ್ಟು ತೂಕದ 10ರಿಂದ 15 ಪರ್ಸೆಂಟ್ ಬಾಲ್ (ಹಿಚ್ ಮೇಲಿನ ಗುಂಡು, ಕಪ್ಲರ್ ಕೂರೋ ಜಾಗ) ಮೇಲೆ ಕೂರಬೇಕು, 6,000 ಪೌಂಡ್ ಟ್ರೇಲರ್ ಆದ್ರೆ 600ರಿಂದ 900. ಅಂದಾಜು ಬೇಡ, ಟ್ರಕ್ ಸ್ಟಾಪಲ್ಲಿರೋ ಕ್ಯಾಟ್ ಸ್ಕೇಲ್ (ಗಾಡಿ ತೂಗೋ ವೇಬ್ರಿಡ್ಜ್) ಮೇಲೆ ಹತ್ತಿಸಿ. ನಮ್ಮನೇಲಿ ಅಕ್ಕಿ ಮೂಟೆ, ಕುಕ್ಕರು, ಗ್ಯಾಸ್ ಸ್ಟೋವು ಎಲ್ಲ ಹಿಂದಿನ ಬಾಗಿಲ ಹತ್ರಾನೇ ತುಂಬ್ತಿದ್ವಿ, ಹತ್ತಿರ ಸಿಗುತ್ತೆ ಅಂತ! ಈಗ ಎಲ್ಲ ಆಕ್ಸಲ್‌ಗಿಂತ ಮುಂದೆ.

ಟೈರು ನೋಡೋಕೆ ಚೆನ್ನಾಗಿದ್ರೆ ಸಾಲದು, ಪಕ್ಕದ ಗೋಡೆ ಮೆತ್ತಗಿದ್ರೆ ಟ್ರಕ್ಕೇ ಓಲಾಡುತ್ತೆ, ಹೆಚ್ಚು ಭಾರ ತಡೆಯೋ ‘ಲೋಡ್ ರೇಂಜ್ ಇ’ (E) ಟೈರ್ ಹಾಕ್ಸಿ, ಗಾಳಿ ಲೋಡಿಗೆ ತಕ್ಕಷ್ಟು ಇರಲಿ.

ಇಷ್ಟಾದ್ರೂ ಓಲಾಡೋಕೆ ಶುರುವಾದ್ರೆ ಬ್ರೇಕ್ ತುಳೀಬೇಡಿ, ಸ್ಟೀರಿಂಗ್ ಜೊತೆ ಜಗಳಾನೂ ಬೇಡ. ಆಕ್ಸಲರೇಟರ್ ನಿಧಾನಕ್ಕೆ ಬಿಡಿ, ಟ್ರಕ್ಕೊಳಗಿರೋ ಟ್ರೇಲರ್ ಬ್ರೇಕ್ ಕಂಟ್ರೋಲರಿನ ಕೈ ಲಿವರ್ ಒತ್ತಿ ಟ್ರೇಲರ್ ಬ್ರೇಕ್ ಮಾತ್ರ ಹಿಡಿಸಿ, ಹಿಂದಿನದು ಜಗ್ಗಿದಾಗ ಎರಡೂ ನೆಟ್ಟಗಾಗುತ್ತೆ.

ಹಾಂ, ದೊಡ್ಡ ಟೈರ್ ಹಾಕಿದ ಮೇಲೆ ಸ್ಪೀಡ್ ಮೀಟರ್ ಸರಿ ಮಾಡಿಸ್ಲಿಲ್ಲ ಅಂದ್ರೆ ಅದು ಗಂಟೆಗೆ 55 ಮೈಲಿ ತೋರಿಸುವಾಗ ನೀವು 58ರಲ್ಲಿ ಇರ್ತೀರ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯೋರಿಗೆ 55ಏ ಲಿಮಿಟ್ಟು, ಪೊಲೀಸ್ ಹಿಡಿದಾಗ ಮೀಟರ್ ಕಥೆ ಹೇಳಿದ್ರೆ ಕೇಳಲ್ಲ.