ಬಿದ್ದ ಹೆಲಿಕಾಪ್ಟರನ್ನು ಯುದ್ಧಭೂಮಿಯಿಂದ ಎತ್ತಿ ತರುವುದು ಹೇಗೆ?

ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕ ಸುಮಾರು 12,000 ಹೆಲಿಕಾಪ್ಟರ್ ಬಳಸಿತು. 5,000ಕ್ಕೂ ಜಾಸ್ತಿ ನಾಶವಾದವು. ಆದರೆ ಬಿದ್ದದ್ದೆಲ್ಲ ಗುಜರಿಗೆ ಹೋಗಲಿಲ್ಲ. ಗುಂಡು ತಗುಲಿ ಗದ್ದೆಯಲ್ಲೋ ಕಾಡಿನ ನಡುವಿನ ಬಯಲಲ್ಲೋ ಇಳಿದ ಎಷ್ಟೋ ‘ಹ್ಯೂಯಿ’ಗಳನ್ನು (ಆ ಯುದ್ಧದಲ್ಲಿ ಅಮೆರಿಕ ಹೆಚ್ಚಾಗಿ ಬಳಸಿದ ಹೆಲಿಕಾಪ್ಟರ್) ಇನ್ನೊಂದು ಹೆಲಿಕಾಪ್ಟರಿಗೆ ನೇತುಹಾಕಿ ವಾಪಸ್ ತಂದರು. ಈ ತಂಡಗಳ ರೇಡಿಯೊ ಹೆಸರು ‘ಪೈಪ್ ಸ್ಮೋಕ್’.

ಮೊದಲ ಕೆಲಸ ಜನರದ್ದು. ಪೈಲಟ್, ಗಾಯಾಳುಗಳನ್ನು ಸಾಗಿಸಿದ ಮೇಲೆಯೇ ಯಂತ್ರದ ಮಾತು. ಆಮೇಲೆ ಕಾಲಾಳು ಪಡೆ ಬಂದು ಸುತ್ತ ಕಾವಲು ನಿಲ್ಲುತ್ತದೆ. ಬಿದ್ದ ಹೆಲಿಕಾಪ್ಟರ್ ಅಂದರೆ ಶತ್ರುವಿಗೆ ಒಳ್ಳೆಯ ಗಾಳ. ಅದನ್ನು ತೆಗೆಯಲು ಯಾರಾದರೂ ಬಂದೇ ಬರುತ್ತಾರೆ, ಅಲ್ವಾ?

ನಂತರ ಕಟ್ಟುವವರು, ಅಂದರೆ ರಿಗ್ಗರ್‌ಗಳು, ಇಳಿಯುತ್ತಾರೆ. ಮೆಷಿನ್ ಗನ್, ಮದ್ದುಗುಂಡು, ರೇಡಿಯೊ ಬಿಚ್ಚಿಕೊಳ್ಳುತ್ತಾರೆ. ಬ್ಯಾಟರಿ ಸಂಪರ್ಕ ತೆಗೆಯುತ್ತಾರೆ. ಭಾರ ಇಳಿಸುವುದು ಇಲ್ಲಿ ಬಹಳ ಮುಖ್ಯ. ಬಿಸಿಲು ಏರಿದಷ್ಟೂ ಗಾಳಿ ತೆಳುವಾಗುತ್ತದೆ, ಎತ್ತುವ ಹೆಲಿಕಾಪ್ಟರಿನ ಶಕ್ತಿ ಕುಗ್ಗುತ್ತದೆ. ಹ್ಯೂಯಿಯ ರೋಟರ್ ಸುಮಾರು 14.6 ಮೀಟರ್ ಅಗಲ. ಅದನ್ನು ಹಾಗೇ ಬಿಟ್ಟರೆ ಗಾಳಿಗೆ ತಿರುಗಲು ಶುರುಮಾಡುತ್ತದೆ. ಅದಕ್ಕೆ ರೆಕ್ಕೆಗಳನ್ನು ಬಿಗಿಯಾಗಿ ಕಟ್ಟುತ್ತಾರೆ, ಇಲ್ಲವೇ ಬಿಚ್ಚಿಬಿಡುತ್ತಾರೆ. ರೋಟರ್ ಕೂರುವ ಕಂಬದ ತಲೆಗೆ ಗಟ್ಟಿ ನೈಲಾನ್ ಪಟ್ಟಿ ಸುತ್ತುತ್ತಾರೆ. ಇಡೀ ಹೆಲಿಕಾಪ್ಟರ್ ತೂಗುವುದು ಅದೊಂದರ ಮೇಲೆಯೇ. ಬಾಲಕ್ಕೆ ಪುಟ್ಟ ಪ್ಯಾರಾಚೂಟ್ ಕಟ್ಟುವುದೂ ಇತ್ತು. ಹಾರುವಾಗ ಅದು ಬಾಲವನ್ನು ಹಿಂದಕ್ಕೆ ಎಳೆದು ಹಿಡಿಯುತ್ತದೆ, ಹ್ಯೂಯಿ ಬುಗುರಿಯಂತೆ ಸುತ್ತುವುದಿಲ್ಲ.

ಇಷ್ಟೆಲ್ಲ ಮುಗಿದ ಮೇಲೆಯೇ ‘ಚಿನೂಕ್’, ಅಂದರೆ ಭಾರ ಎತ್ತುವ ದೊಡ್ಡ ಹೆಲಿಕಾಪ್ಟರ್, ಬರಬೇಕು. ಮೊದಲೇ ಬಂದು ಮೇಲೆ ನಿಂತರೆ ಅದಕ್ಕೂ ಗುಂಡು ಬೀಳುತ್ತದೆ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಎದೆ ನಡುಗಿಸುವ ಘಳಿಗೆ ಇನ್ನು ಮುಂದಿನದು.

ಒಬ್ಬ ರಿಗ್ಗರ್ ಬಿದ್ದ ಹ್ಯೂಯಿಯ ನೆತ್ತಿಯ ಮೇಲೆ ಹತ್ತಿ, ಪಟ್ಟಿಯ ತುದಿಯ ಉಂಗುರ ಎತ್ತಿ ಹಿಡಿದು ನಿಲ್ಲುತ್ತಾನೆ. ತಲೆಯ ಮೇಲೆಯೇ ಚಿನೂಕ್. ಎರಡು ರೋಟರ್‌ಗಳ ಗಾಳಿಗೆ ಮಣ್ಣು, ಕಡ್ಡಿ, ಕೆಸರು ಮುಖಕ್ಕೆ ರಾಚುತ್ತವೆ. ಕಾಲ ಕೆಳಗೆ ಎಣ್ಣೆ ಜಾರುತ್ತದೆ. ಪೈಲಟ್‌ಗೆ ಇವನು ಕಾಣುವುದೇ ಇಲ್ಲ. ಚಿನೂಕ್ ಒಳಗೆ ನೆಲದ ಕಿಂಡಿಯ ಬಳಿ ಬೋರಲು ಮಲಗಿದ ಫ್ಲೈಟ್ ಎಂಜಿನಿಯರ್ ‘ಮುಂದೆ, ಬಲಕ್ಕೆ, ಇನ್ನಷ್ಟು ಕೆಳಗೆ’ ಎಂದು ಇಂಟರ್‌ಕಾಮ್‌ನಲ್ಲಿ ಹೇಳುತ್ತಿರಬೇಕು. ಚಿನೂಕ್‌ನ ಹೊಟ್ಟೆಯಡಿಯ ಕೊಕ್ಕೆಯನ್ನು ಸುಮ್ನೆ ಬರಿಗೈಯಲ್ಲಿ ಮುಟ್ಟುವಂತಿಲ್ಲ. ಹಾರುವ ಹೆಲಿಕಾಪ್ಟರಿನ ಮೈಯಲ್ಲಿ ಸ್ಥಿರ ವಿದ್ಯುತ್ ತುಂಬಿಕೊಂಡಿರುತ್ತದೆ, ಆಳನ್ನೇ ಕೆಡವುವಷ್ಟು ಜೋರು ಶಾಕ್ ಹೊಡೆಯಬಹುದು. ನೆಲಕ್ಕೆ ತಂತಿ ಎಳೆದ ಕೋಲನ್ನು ಮೊದಲು ಕೊಕ್ಕೆಗೆ ತಾಗಿಸಿ, ಆಮೇಲೆ ಉಂಗುರ ಸಿಕ್ಕಿಸಬೇಕು. ಸಿಕ್ಕಿಸಿದ್ದೇ ತಡ, ಕೆಳಗೆ ಹಾರಿ ದೂರ ಓಡಬೇಕು.

ಚಿನೂಕ್ ನಿಧಾನ ಮೇಲೇರುತ್ತದೆ. ಪಟ್ಟಿ ಬಿಗಿಯಾಗಿ ಭಾರ ನೇರವಾಗಿ ತೂಗುತ್ತಿದೆ ಎಂದು ಖಾತ್ರಿಯಾದ ಮೇಲೆಯೇ ಮುಂದಕ್ಕೆ ಹಾರಬೇಕು. ಹೊರೆ ಹುಚ್ಚಾಪಟ್ಟೆ ತೂಗಾಡಿ ಚಿನೂಕ್‌ಗೇ ಕುತ್ತು ಬಂದರೆ ಕೊಕ್ಕೆ ಬಿಚ್ಚಿ ಅದನ್ನು ಬೀಳಿಸಿಬಿಡುತ್ತಾರೆ. ಎತ್ತಲು ಆಗದ್ದನ್ನು, ಶತ್ರುವಿನ ಕೈಸೇರದಂತೆ, ಬಿದ್ದಲ್ಲೇ ಸುಟ್ಟುಹಾಕುತ್ತಾರೆ.

ನೆಲೆಗೆ ತಲುಪಿದ ಹ್ಯೂಯಿಯನ್ನು ಮೆಕ್ಯಾನಿಕ್‌ಗಳು ನೋಡಿ ತೀರ್ಮಾನಿಸುತ್ತಾರೆ. ರಿಪೇರಿಯಾದರೆ ಮತ್ತೆ ಹಾರುತ್ತದೆ. ಆಗದಿದ್ದರೆ ಗೇರ್‌ಬಾಕ್ಸ್, ಬಾಗಿಲು, ಸೀಟು ಬಿಚ್ಚಿ, ಪಕ್ಕದಲ್ಲಿ ಬಿಡಿಭಾಗಕ್ಕೆ ಕಾಯುತ್ತಾ ನಿಂತ ಇನ್ನೊಂದು ಹ್ಯೂಯಿಗೆ ಹಾಕುತ್ತಾರೆ.