ಲೆಡ್ ಝೆಪ್ಪೆಲಿನ್ ಲೈವ್ ಟೇಪು: ತಾರೀಖು ಪತ್ತೆ ಮಾಡಿ ವೇಗ ಸರಿಪಡಿಸುವ ಬಗೆ

ಬ್ರಿಟಿಷ್ ರಾಕ್ ತಂಡ ಲೆಡ್ ಝೆಪ್ಪೆಲಿನ್‌ನ ಶೋಗಳ ಹಳೆಯ ಟೇಪು ಕೈಗೆ ಸಿಕ್ಕರೆ ಅದರ ಮೇಲಿನ ಚೀಟಿಯನ್ನು ನಂಬಬೇಡಿ. ಕೈಯಿಂದ ಕೈಗೆ ನಕಲಾಗುತ್ತಾ ಬಂದ ಕ್ಯಾಸೆಟ್‌ಗಳಲ್ಲಿ ಊರು, ತಾರೀಖು ಅದಲುಬದಲಾಗಿರುತ್ತವೆ. ವೇಗವೂ ನಕಲಿನಿಂದ ನಕಲಿಗೆ ಜಾರಿರುತ್ತದೆ. ಎರಡನ್ನೂ ಪತ್ತೆ ಮಾಡಲು ಬೇಕಾದ ಸಾಕ್ಷಿ ಟೇಪಿನೊಳಗೇ ಇದೆ.

ಮೊದಲು ಆರಂಭದ ಹಾಡು ಕೇಳಿ. 'ಇಮಿಗ್ರೆಂಟ್ ಸಾಂಗ್' ಆಗಿದ್ದರೆ ಅದು 1970ರ ಮಧ್ಯದಿಂದ 1972ರೊಳಗಿನ ಶೋ. 'ರಾಕ್ ಅಂಡ್ ರೋಲ್' ಆಗಿದ್ದರೆ 1972ರ ಕೊನೆಯಿಂದ 1975. 'ದಿ ಸಾಂಗ್ ರಿಮೇನ್ಸ್ ದಿ ಸೇಮ್' ಆಗಿದ್ದರೆ 1977 ಅಥವಾ 1979. 'ಟ್ರೇನ್ ಕೆಪ್ಟ್ ಎ-ರೋಲಿನ್' ಮಾತ್ರ ಎಡವಿಸುತ್ತದೆ: ತಂಡದ ಮೊದಲ ದಿನಗಳಲ್ಲೂ ಅದರಿಂದಲೇ ಶುರು, 1980ರ ಯುರೋಪ್ ಪ್ರವಾಸದಲ್ಲೂ ಅದರಿಂದಲೇ ಶುರು. ಆಗ ಮುಂದಿನ ಹಾಡುಗಳನ್ನು ನೋಡಿ. 'ಕಾಶ್ಮೀರ್' 1975ಕ್ಕೆ ಮೊದಲು ವೇದಿಕೆ ಏರಿಲ್ಲ. 'ಸ್ಟೇರ್‌ವೇ ಟು ಹೆವನ್' ಜನರೆದುರು ಮೊದಲು ಕೇಳಿಸಿದ್ದು 1971ರ ಮಾರ್ಚ್ 5ರಂದು, ಬೆಲ್‌ಫಾಸ್ಟ್‌ನ ಅಲ್ಸ್ಟರ್ ಹಾಲ್‌ನಲ್ಲಿ. ಅದಕ್ಕೂ ಹಿಂದಿನ ತಾರೀಖಿನ ಟೇಪಿನಲ್ಲಿ ಆ ಹಾಡಿದ್ದರೆ ಚೀಟಿಯೇ ತಪ್ಪು. ತಂಡದ ಡ್ರಮ್ಮರ್ ಬೋನಮ್ ಅವರ ಸೋಲೋ 'ಔಟ್ ಆನ್ ದಿ ಟೈಲ್ಸ್' ಹಾಡಿನ ರಿಫ್‌ನಿಂದ (ಮರುಕಳಿಸುವ ಗಿಟಾರ್ ತುಣುಕು) ಶುರುವಾದರೆ ಅದು 1977.

ರೆಕಾರ್ಡ್ ಮಾಡಿದವರು ಗುಂಡಿ ಒತ್ತುವುದು ತಡವಾಗಿ ಆರಂಭದ ಹಾಡೇ ತಪ್ಪಿಹೋಗಿರುವುದೂ ಉಂಟು. ಹಾಗಾಗಿ ಒಂದೇ ಗುರುತಿನ ಮೇಲೆ ತೀರ್ಮಾನಿಸಬೇಡಿ. ಒಂದು ರಾತ್ರಿಯನ್ನು ಇನ್ನೊಂದರಿಂದ ಬೇರ್ಪಡಿಸಲು 'ಹೋಲ್ ಲಾಟಾ ಲವ್' ನಡುವಿನ ಮೆಡ್ಲಿಯಷ್ಟು ಒಳ್ಳೆಯ ಬೆರಳಚ್ಚು ಇಲ್ಲ: ಅದರಲ್ಲಿ ಬರುವ ಹಳೆಯ ರಾಕ್ ಅಂಡ್ ರೋಲ್ ಹಾಡುಗಳ ಸಾಲು ರಾತ್ರಿಯಿಂದ ರಾತ್ರಿಗೆ ಬದಲಾಗುತ್ತಿತ್ತು.

ವರ್ಷ, ದೇಶ ಖಚಿತವಾದ ಮೇಲೆ ವೇಗಕ್ಕೆ ಬನ್ನಿ. ಆಂಪ್ಲಿಫೈಯರ್‌ಗಳ ಕರೆಂಟಿನ ಗುಂಯ್‌ಗುಡುವಿಕೆಯೇ ಇಲ್ಲಿ ಅಳತೆಗೋಲು: ಅಮೆರಿಕದಲ್ಲಿ 60 ಹರ್ಟ್ಜ್, ಬ್ರಿಟನ್ ಮತ್ತು ಯುರೋಪ್‌ನಲ್ಲಿ 50. ಜಪಾನ್‌ನಲ್ಲಿ ಎರಡೂ ಇವೆ. 1971ರ ಪ್ರವಾಸದ ಟೋಕಿಯೋ ಶೋಗಳಿಗೆ 50 ಇಟ್ಟುಕೊಳ್ಳಿ, ಹಿರೋಶಿಮಾ ಮತ್ತು ಒಸಾಕಾ ಶೋಗಳಿಗೆ 60. ಇದನ್ನು ಮರೆತರೆ ಲೆಕ್ಕವೆಲ್ಲ ಬುಡಮೇಲು.

ಹಾಡುಗಳ ನಡುವಿನ ನಿಶ್ಶಬ್ದದ ತುಣುಕನ್ನು ಆಯ್ದು, 65536 ಗಾತ್ರದ ಎಫ್‌ಎಫ್‌ಟಿಯಲ್ಲಿ (ದನಿಯನ್ನು ಆವರ್ತನಗಳಾಗಿ ಬಿಡಿಸುವ ಲೆಕ್ಕ) ಸ್ಪೆಕ್ಟ್ರಮ್ ತೆಗೆಯಿರಿ. ಮೂಲ ಆವರ್ತನಕ್ಕಿಂತ ಮೂರನೆಯ ಹಾರ್ಮೋನಿಕ್ (ಮೂಲದ ಮೂರು ಪಟ್ಟು ಆವರ್ತನ) ನೋಡುವುದು ಮೇಲು; ಅಲ್ಲಿ ವ್ಯತ್ಯಾಸ ಮೂರು ಪಟ್ಟು ದೊಡ್ಡದಾಗಿ ಕಾಣುತ್ತದೆ. ಅಮೆರಿಕದ ಶೋನಲ್ಲಿ 180 ಇರಬೇಕಾದ ಕಡೆ 176.4 ಕಂಡರೆ ಟೇಪು ನಿಧಾನ ಓಡುತ್ತಿದೆ: 180ನ್ನು 176.4ರಿಂದ ಭಾಗಿಸಿದರೆ 1.0204, ಅಂದರೆ ವೇಗವನ್ನು 2.04% ಹೆಚ್ಚಿಸಬೇಕು. ಒಂದು ಸೆಮಿಟೋನ್ (ಪಕ್ಕಪಕ್ಕದ ಎರಡು ಸ್ವರಗಳ ಅಂತರ) ಎಂದರೆ 5.95%, ಇದು ಅದರ ಮೂರನೇ ಒಂದು ಭಾಗದಷ್ಟು, ಕಿವಿಗೆ ಚೆನ್ನಾಗಿಯೇ ತಿಳಿಯುವಂಥದ್ದು. ಶ್ರುತಿ ಮತ್ತು ಲಯ ಒಟ್ಟಿಗೆ ಬದಲಾಗುವ ಆಯ್ಕೆಯನ್ನೇ ಬಳಸಿ. ಶ್ರುತಿಯನ್ನಷ್ಟೇ ಎಳೆದರೆ ಸಿಂಬಲ್‌ಗಳ ದನಿ ಹಾಳಾಗುತ್ತದೆ.

ಇಲ್ಲೊಂದು ಬಲೆ ಇದೆ. ಟೇಪನ್ನು ಕಂಪ್ಯೂಟರಿಗೆ ಇಳಿಸುವಾಗ ಸೇರಿಕೊಂಡ ಗುಂಯ್‌ಗುಡುವಿಕೆಯೂ ಕಾಣಿಸಬಹುದು. ಅದು 50 ಅಥವಾ 60ಕ್ಕೆ ಅಂಟಿಕೊಂಡು ಅಲುಗದೆ ನಿಲ್ಲುತ್ತದೆ. ಮೂಲದ್ದು ಟೇಪಿನ ಓಟದೊಂದಿಗೆ ಸಣ್ಣಗೆ ತೂಗಾಡುತ್ತದೆ. ತೂಗಾಡುವುದನ್ನು ಅಳೆಯಿರಿ.

ಗುಂಯ್‌ಗುಡುವಿಕೆ ಸಿಗದಿದ್ದರೆ 1973ರಿಂದ ಈಚಿನ ಶೋಗಳಲ್ಲಿ 'ನೋ ಕ್ವಾರ್ಟರ್' ಹಾಡಿನ ಕೀಬೋರ್ಡ್ ಶ್ರುತಿಯನ್ನು ಅಳತೆಗೋಲಾಗಿ ಹಿಡಿಯಿರಿ. ಮೆಲ್ಲೋಟ್ರಾನ್ ಬೇಡ, ಅದೂ ಟೇಪಿನಿಂದಲೇ ನುಡಿಯುವ ವಾದ್ಯ, ಅದರ ಶ್ರುತಿಯೇ ಜಾರುತ್ತದೆ. 2007ರ ಡಿಸೆಂಬರ್ 10ರ ಲಂಡನ್‌ನ ಓ2 ಅರೀನಾ ಶೋನಲ್ಲಿ ಕೆಲವು ಹಾಡುಗಳನ್ನು ಬೇಕೆಂದೇ ಕೆಳಗಿನ ಶ್ರುತಿಯಲ್ಲಿ ನುಡಿಸಿದ್ದಾರೆ. ಅದನ್ನು ಸ್ಟುಡಿಯೋ ಆಲ್ಬಮ್‌ಗೆ ಹೊಂದಿಸಲು ಹೋಗಬೇಡಿ.

ಒಂದೇ ಅಳತೆ ಇಡೀ ಟೇಪಿಗೆ ಸಾಲದು. ರೆಕಾರ್ಡರಿನ ಬ್ಯಾಟರಿ ಕುಗ್ಗಿದಂತೆ ಮೋಟಾರ್ ನಿಧಾನವಾಗುತ್ತದೆ, ಅದನ್ನೇ ಸರಿಯಾದ ವೇಗದಲ್ಲಿ ಕೇಳಿದಾಗ ಹಾಡಿನ ಶ್ರುತಿ ಬರಬರುತ್ತಾ ಏರುತ್ತದೆ. ಹತ್ತು ನಿಮಿಷಕ್ಕೊಮ್ಮೆ ಅಳೆಯಿರಿ, ಟೇಪಿನ ಪ್ರತಿ ಬದಿಯನ್ನೂ ಬೇರೆಯಾಗಿ. ಸಿ-90 ಕ್ಯಾಸೆಟ್ಟಿನ ಒಂದು ಬದಿ 45 ನಿಮಿಷ, ಆದ್ದರಿಂದ ಮೂರು ಗಂಟೆಯ ಶೋನಲ್ಲಿ ಬದಿ ಬದಲಿಸುವಾಗ ಮೂರು ಕಡೆ ಕೊರತೆ ಬೀಳುತ್ತದೆ. ಆ ಕೊರತೆಗೆ ಬೇರೆ ರೆಕಾರ್ಡಿಂಗ್‌ನಿಂದ ತೇಪೆ ಹಾಕುವ ಮೊದಲು ಎರಡರ ವೇಗವನ್ನೂ ಸರಿಮಾಡಿ. ಅಧಿಕೃತ ಆಲ್ಬಮ್‌ಗಳಿಂದ ತೇಪೆ ತರುವುದಾದರೆ ಹುಷಾರು: 2003ರ 'ಹೌ ದಿ ವೆಸ್ಟ್ ವಾಸ್ ವನ್' 1972ರ ಜೂನ್ 25ರ ಲಾಸ್ ಏಂಜಲೀಸ್ ಮತ್ತು 27ರ ಲಾಂಗ್ ಬೀಚ್ ಶೋಗಳನ್ನು ಬೆರೆಸಿದ್ದು; 1973ರ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಶೋಗಳ ಆಲ್ಬಮ್‌ನಲ್ಲಿ ಮೂರು ರಾತ್ರಿಗಳು ಸೇರಿವೆ.

ಮುಟ್ಟದ ಮೂಲವನ್ನು 24 ಬಿಟ್, 96 ಕಿಲೋಹರ್ಟ್ಜ್ ಫ್ಲ್ಯಾಕ್ (ದನಿ ಕಳೆಯದೆ ಕುಗ್ಗಿಸಿದ ಫೈಲು) ಆಗಿ ಇಟ್ಟುಕೊಳ್ಳಿ. ತಿದ್ದಿದ ಪ್ರತಿಯ ಜೊತೆಗೆ ಎಷ್ಟು ಶೇಕಡಾ ಬದಲಿಸಿದಿರಿ ಎಂದು ಬರೆದಿಡಿ, ಮುಂದೆ ತಿದ್ದುವವರಿಗೆ ಬೇಕಾಗುತ್ತದೆ. ಬೇರೆಯವರಿಂದ ಬಂದ ಫೈಲಿನಲ್ಲಿ 16 ಕಿಲೋಹರ್ಟ್ಜ್ ಹತ್ತಿರ ಗೆರೆ ಎಳೆದಂತೆ ದನಿ ನಿಂತಿದ್ದರೆ ಅದು ನಡುವೆ ಎಂಪಿ3 ಆಗಿ ಬಂದಿರುವ ಸಾಧ್ಯತೆ ಹೆಚ್ಚು. ಆ ಗೆರೆ 16.3ರಲ್ಲಿದ್ದರೆ, ಎಂಪಿ3 ಆದ ಮೇಲೆ ಯಾರೋ ಸುಮಾರು 2% ವೇಗ ಹೆಚ್ಚಿಸಿರಬಹುದು. ಮತ್ತೆ ಹೆಚ್ಚಿಸುವ ಮೊದಲು ಅಳೆದು ನೋಡಿ.