ಟವೆಲ್ ಒಗೆಯೋದು: ಸೋಪು ಕಮ್ಮಿ, ನೀರು ಜಾಸ್ತಿ

ಒಗೆದು ಚೆನ್ನಾಗಿ ಒಣಗಿದ ಟವೆಲ್ ಮೇಲೆ ಬೆರಳ ತುದಿಯಿಂದ ಒಂದು ಹನಿ ನೀರು ಬಿಡಿ. ಬಿದ್ದ ಕೂಡಲೇ ಹನಿ ಒಳಗೆ ಇಳಿದರೆ ಟವೆಲ್‌ಗೆ ಏನೂ ಆಗಿಲ್ಲ, ಈಗ ಮಾಡುತ್ತಿರುವುದನ್ನೇ ಮಾಡಿಕೊಂಡು ಹೋಗಿ. ಹನಿ ಗುಂಡಗೆ ಮೇಲೇ ಕೂತು, ಆಮೇಲೆ ನಿಧಾನಕ್ಕೆ ಇಳಿದರೆ ಟವೆಲ್ ಒಳಗೆ ಬೇಡದ್ದು ಏನೋ ಸೇರಿಕೊಂಡಿದೆ ಅಂತ ಅರ್ಥ. ಅದು ಮೈಯ ಕೊಳೆಯೇ ಆಗಿರಬೇಕಿಲ್ಲ. ಎಷ್ಟೋ ಸಲ ಅದು ನಾವೇ ಹಾಕಿದ ಸೋಪು, ಬಟ್ಟೆ ಮೆತ್ತಗಾಗಲಿ, ಘಮ ಬರಲಿ ಅಂತ ಕೊನೆಯ ನೀರಿಗೆ ನಾವೇ ಸುರಿದ ಸಾಫ್ಟ್‌ನರ್.

ನಮ್ಮ ಮನೆಯಲ್ಲಿ ಬಟ್ಟೆ ಒಗೆಯುವ ಕೆಲಸ ನನ್ನದು. ಶರ್ಟು, ಪ್ಯಾಂಟಿನ ವಿಷಯದಲ್ಲಿ ನನಗೆ ಅಂಥ ಹಟವೇನಿಲ್ಲ. ಟವೆಲ್ ಮಾತು ಬಂದರೆ ಮಾತ್ರ ಮನೆಯವರೆಲ್ಲ ‘ಶುರುವಾಯ್ತು’ ಅಂತ ಮುಖ ಮುಖ ನೋಡಿಕೊಳ್ಳುತ್ತಾರೆ. ಇರಲಿ. ಮೈಮೇಲಿನ ನೀರನ್ನು ಹೀರದೆ ಸುಮ್ನೆ ಆ ಕಡೆಯಿಂದ ಈ ಕಡೆಗೆ ತಳ್ಳುವ ಟವೆಲ್ ಇಟ್ಟುಕೊಂಡು ಏನು ಪ್ರಯೋಜನ, ಅಲ್ವಾ?

ಟರ್ಕಿ ಟವೆಲ್ಲನ್ನು ಬೆಳಕಿಗೆ ಹಿಡಿದು ಮಡಚಿದ ಅಂಚಿನಿಂದ ನೋಡಿ. ಎರಡೂ ಮೈಯಲ್ಲಿ ಸಣ್ಣ ಸಣ್ಣ ಕುಣಿಕೆಗಳು ಎದ್ದು ನಿಂತಿರುವುದು ಕಾಣುತ್ತದೆ. ಇದನ್ನು ನೇಯುವಾಗ ಹಾಸಿನ ಎಳೆಗಳು ಎರಡು ಗುಂಪು. ಒಂದು ಗುಂಪು ಬಿಗಿಯಾಗಿದ್ದು ಹೊಕ್ಕಿನ ಜೊತೆ ಸೇರಿ ಬಟ್ಟೆಯಾಗುತ್ತದೆ. ಇನ್ನೊಂದನ್ನು ಸಡಿಲ ಬಿಟ್ಟು ಕುಣಿಕೆ ಎಬ್ಬಿಸುತ್ತಾರೆ. ನೀರು ಹೀರುವ ಕೆಲಸದಲ್ಲಿ ದೊಡ್ಡ ಪಾಲು ಈ ಕುಣಿಕೆಗಳದ್ದು. ಹತ್ತಿಗೆ ನೀರೆಂದರೆ ಇಷ್ಟ. ಆದರೆ ಎಳೆಯ ಮೇಲೆ ಎಣ್ಣೆಯಂಥ ಪದರ ಕೂತರೆ ನೀರಿಗೆ ದಾರಿ ಸಿಗುವುದಿಲ್ಲ.

ಸಾಫ್ಟ್‌ನರ್ ಮಾಡುವುದು ಇದನ್ನೇ. ಅದರ ಕಣಕ್ಕೆ ಒಂದು ತುದಿಯಲ್ಲಿ ಧನ ವಿದ್ಯುದಂಶ, ಇನ್ನೊಂದು ತುದಿಯಲ್ಲಿ ಕೊಬ್ಬಿನಂಥ ಉದ್ದ ಬಾಲ. ನೀರಲ್ಲಿ ನೆನೆದ ಹತ್ತಿಗೆ ಸ್ವಲ್ಪ ಋಣ ಅಂಶ ಇರುತ್ತದೆ. ಹಾಗಾಗಿ ಕಣ ಹೋಗಿ ಹತ್ತಿಗೆ ಅಂಟಿಕೊಳ್ಳುತ್ತದೆ, ಬಾಲ ಹೊರಗೆ ಉಳಿಯುತ್ತದೆ. ಕೈಗೆ ನುಣುಪು ಅನ್ನಿಸುವುದು ಆ ಬಾಲ. ನೀರು ಒಳಗೆ ಹೋಗದಂತೆ ತಡೆಯುವುದೂ ಅದೇ. ಕಂಪನಿಯವರು ಬಾಟಲಿ ಮೇಲೆ ಮೆತ್ತನೆಯ ಟವೆಲ್ ಚಿತ್ರವನ್ನೇ ಹಾಕುತ್ತಾರೆ, ಅದೊಂದು ತಮಾಷೆ. ನನ್ನ ಮಾತು ಕೇಳುವುದಾದರೆ ಟವೆಲ್‌ಗೆ ಸಾಫ್ಟ್‌ನರ್ ಬೇಡವೇ ಬೇಡ. ಘಮ ಬೇಕಿದ್ದರೆ ದಿಂಬಿನ ಕವರ್‌ಗೆ ಹಾಕಿಕೊಳ್ಳಿ.

ಒಗೆಯುವ ಕ್ರಮ

ಟವೆಲ್‌ಗಳನ್ನು ಬೇರೆಯಾಗಿಯೇ ಒಗೆಯಿರಿ. ಜಿಪ್, ಕೊಕ್ಕೆ, ವೆಲ್ಕ್ರೋ ಇರುವ ಬಟ್ಟೆಗಳು ಕುಣಿಕೆಗಳನ್ನು ಹಿಡಿದು ಎಳೆದುಬಿಡುತ್ತವೆ. ಟವೆಲ್ ಕೂಡ ಸುಮ್ಮನಿರುವುದಿಲ್ಲ, ಕಪ್ಪು ಪ್ಯಾಂಟಿಗೆಲ್ಲ ಬಿಳಿ ನಾರು ಮೆತ್ತುತ್ತದೆ. ಮಷಿನ್‌ನಲ್ಲಾದರೆ ಡ್ರಮ್ಮಿನ ಮೂರರಲ್ಲಿ ಎರಡು ಭಾಗ ಸಾಕು. ಒಣಗಿದ ಟವೆಲ್ ಎಷ್ಟು ಹಗುರ ಅನ್ನಿಸಿದರೂ ನೀರು ಕುಡಿದ ಮೇಲೆ ಅದರ ಭಾರವೇ ಬೇರೆ. ತುರುಕಿದರೆ ನೀರು ಓಡಾಡಲು ಜಾಗ ಇರುವುದಿಲ್ಲ, ಸೋಪು ಒಳಗೇ ಉಳಿಯುತ್ತದೆ.

ಪುಡಿ ಎಷ್ಟು ಹಾಕಬೇಕು? ಪ್ಯಾಕೆಟ್ ಮೇಲೆ ತುಂಬಾ ಕೊಳೆಯಾದ ಬಟ್ಟೆಗೆ ಅಂತ ಬರೆದಿರುವ ಅಳತೆಯ ಅರ್ಧದಿಂದ ಶುರು ಮಾಡಿ. ಸ್ನಾನ ಮಾಡಿ ಒರೆಸಿಕೊಂಡ ಟವೆಲ್‌ನಲ್ಲಿ ಮಣ್ಣು, ಗ್ರೀಸ್ ಇರುವುದಿಲ್ಲ. ಬೆವರು, ಚರ್ಮದ ಜಿಡ್ಡು, ಸತ್ತ ಚರ್ಮದ ಪುಡಿ ಇಷ್ಟೇ. ಬಕೆಟ್‌ನಲ್ಲಿ ಒಗೆಯುವವರಿಗೆ ಎರಡು ದೊಡ್ಡ ಟವೆಲ್‌ಗೆ ಒಂದು ದೊಡ್ಡ ಚಮಚ ಪುಡಿ ಸಾಕು. ಮೊದಲು ನೀರಲ್ಲಿ ಪುಡಿ ಕರಗಿಸಿ, ಆಮೇಲೆ ಟವೆಲ್ ಮುಳುಗಿಸಿ. ನೇರವಾಗಿ ಟವೆಲ್ ಮೇಲೆ ಉದುರಿಸಿದರೆ ಪುಡಿ ಕುಣಿಕೆಗಳ ನಡುವೆ ಸಿಕ್ಕಿಕೊಂಡು ಕೂರುತ್ತದೆ. ಅರ್ಧ ಗಂಟೆ ನೆನೆಸಿ, ಕೈಯಲ್ಲಿ ಒತ್ತಿ ಒತ್ತಿ ಒಗೆಯಿರಿ. ಬ್ರಷ್ ಹಾಕಿ ಉಜ್ಜಬೇಡಿ, ಕುಣಿಕೆ ಕಿತ್ತುಬರುತ್ತದೆ.

ಜಾಲಿಸುವುದರಲ್ಲಿ ಮಾತ್ರ ಜುಗ್ಗತನ ಬೇಡ. ಕೊನೆಯ ನೀರಿನಲ್ಲಿ ಟವೆಲ್ ಮೂಲೆಯನ್ನು ಹಿಡಿದು ಗಟ್ಟಿಯಾಗಿ ಹಿಂಡಿ. ಬೀಳುವ ನೀರು ಹಾಲಿನ ಬಣ್ಣಕ್ಕೆ ತಿರುಗಿದರೆ, ಸಣ್ಣ ನೊರೆ ಗುಳ್ಳೆ ಎದ್ದರೆ ಇನ್ನೊಂದು ಸಲ ಜಾಲಿಸಿ. ಮುಂದೆ ಬಾಗಿಲಿರುವ ಮಷಿನ್‌ಗಳು ಕಡಿಮೆ ನೀರು ಬಳಸುತ್ತವೆ. ಅವುಗಳಲ್ಲಿ ಎಕ್ಸ್‌ಟ್ರಾ ರಿನ್ಸ್ ಬಟನ್ ಇದ್ದರೆ ಟವೆಲ್ ಒಗೆಯುವ ದಿನ ಅದನ್ನು ಒತ್ತಲೇಬೇಕು.

ಗಡಸು ನೀರಿನ ಮನೆಯವರ ಕಷ್ಟ ಬೇರೆ. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಶಕ್ತಿ ತಿನ್ನುತ್ತವೆ. ಬಟ್ಟೆ ಸೋಪಿನ ಬಾರ್ ಆದರೆ ಜಿಗುಟು ಕೆನೆಯೇ ಕಟ್ಟುತ್ತದೆ, ಆ ಕೆನೆ ಹೋಗಿ ಕೂರುವುದು ಎಳೆಗಳ ಮೇಲೆ. ಅಂಥ ಕಡೆ ಬಾರ್ ಬಿಟ್ಟು ಡಿಟರ್ಜೆಂಟ್ ಬಳಸಿ. ಪುಡಿ ಜಾಸ್ತಿ ಮಾಡುವ ಬದಲು ಬಕೆಟ್ಟಿಗೆ ಒಂದು ಚಮಚ ವಾಷಿಂಗ್ ಸೋಡಾ ಹಾಕಿ. ಆಗೊಮ್ಮೆ ಈಗೊಮ್ಮೆ ಕೊನೆಯ ನೀರಿಗೆ ಅರ್ಧ ಕಪ್ ಬಿಳಿ ವಿನೆಗರ್ ಬೆರೆಸಿದರೆ ಎಳೆಗಳಲ್ಲಿ ಉಳಿದ ಸುಣ್ಣದಂಶ ಕರಗುತ್ತದೆ. ಪ್ರತಿ ಸಲ ಬೇಡ, ಅದರಲ್ಲೂ ಮಷಿನ್‌ನಲ್ಲಿ ಬೇಡ. ರಬ್ಬರ್ ಭಾಗಗಳಿಗೆ ಆಮ್ಲ ಒಳ್ಳೆಯದಲ್ಲ.

ಹಳೆಯ ಟವೆಲ್‌ಗೆ ಒಂದು ದಿನದ ಉಪಚಾರ

ಹನಿ ಪರೀಕ್ಷೆಯಲ್ಲಿ ಫೇಲಾದ ಟವೆಲ್‌ಗಳನ್ನು ನಾನು ರಜಾದಿನ ಬೆಳಗ್ಗೆ ಬಕೆಟ್ಟಿಗೆ ಹಾಕುತ್ತೇನೆ. ಕೈ ಇಡಲಾಗದಷ್ಟು ಬಿಸಿನೀರು, ಸುಮಾರು 60 ಡಿಗ್ರಿ. ಅದಕ್ಕೆ ಎರಡು ದೊಡ್ಡ ಚಮಚ ವಾಷಿಂಗ್ ಸೋಡಾ. ಸೋಪು ಏನೂ ಇಲ್ಲ. ಕೋಲಿನಿಂದ ಅದುಮಿ ಮುಳುಗಿಸಿ, ಮಧ್ಯೆ ಒಂದೆರಡು ಸಲ ತಿರುವಿ, ನೀರು ಪೂರ್ತಿ ಆರುವ ತನಕ ಬಿಡಿ. ಸೋಪೇ ಹಾಕದ ನೀರಲ್ಲಿ ನೊರೆ ಏಳುತ್ತದೆ, ನೋಡಿ. ಅದೆಲ್ಲ ಹಿಂದಿನ ಒಗೆತಗಳ ಬಾಕಿ. ನೀರು ಬೂದಿ ಬಣ್ಣಕ್ಕೂ ತಿರುಗುತ್ತದೆ. ಆದರೆ ಬಣ್ಣದ ಟವೆಲ್ ಆಗಿದ್ದರೆ ಅದೆಲ್ಲ ಕೊಳೆ ಅಂತ ಗಾಬರಿಯಾಗಬೇಡಿ, ಅದರಲ್ಲಿ ಬಿಟ್ಟ ಬಣ್ಣವೂ ಸೇರಿರುತ್ತದೆ. ಆಮೇಲೆ ಎರಡು ಮೂರು ನೀರಲ್ಲಿ ಜಾಲಿಸಿ, ವಿನೆಗರ್ ಬೆರೆಸಿದ ನೀರಲ್ಲಿ ಕಾಲು ಗಂಟೆ ಇಟ್ಟು, ಮತ್ತೆ ಒಂದು ನೀರು.

ಸೋಡಾ, ವಿನೆಗರ್ ಎರಡನ್ನೂ ಒಟ್ಟಿಗೆ ಸುರಿಯುವ ವಿಡಿಯೋಗಳು ಬರುತ್ತವಲ್ಲ, ಭುಸ್ ಅಂತ ನೊರೆ ಉಕ್ಕುತ್ತದೆ. ನೋಡಲು ಚೆಂದ. ಆದರೆ ಒಂದು ಕ್ಷಾರ, ಒಂದು ಆಮ್ಲ. ಒಂದನ್ನೊಂದು ತಟಸ್ಥ ಮಾಡಿಕೊಂಡು ಎರಡೂ ಕೆಲಸಕ್ಕೆ ಬಾರದೆ ಹೋಗುತ್ತವೆ. ಇದು ಬರೀ ದುಡ್ಡು ದಂಡ ಅಷ್ಟೇ. ಕ್ಲೋರಿನ್ ಬ್ಲೀಚ್ ಜೊತೆ ವಿನೆಗರ್ ಬೆರೆಸುವುದು ಮಾತ್ರ ಅಪಾಯ. ಅದರಿಂದ ಕ್ಲೋರಿನ್ ಅನಿಲ ಬರುತ್ತದೆ, ಬಾತ್‌ರೂಮಿನಂಥ ಇಕ್ಕಟ್ಟಿನ ಜಾಗದಲ್ಲಿ ಉಸಿರಿಗೇ ಕುತ್ತು. ಬ್ಲೀಚ್ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಬೆರೆತರೂ ಹಾಗೆಯೇ.

ಮುಗ್ಗಲು ವಾಸನೆ

ಒಣಗಿದಾಗ ಏನೂ ಇಲ್ಲ. ಮುಖ ಒರೆಸಿದ ತಕ್ಷಣ ಗಬ್ ಅಂತ ಹೊಡೆಯುತ್ತದೆ. ಟವೆಲ್ ಬಗ್ಗೆ ನಾನು ಜಾಸ್ತಿ ಕೇಳುವ ದೂರು ಇದು. ಜಪಾನಿನ ಸಂಶೋಧಕರು 2012ರಲ್ಲಿ ಇದರ ಹಿಂದೆ ಬಿದ್ದು, ಮೊರಾಕ್ಸೆಲ್ಲಾ ಓಸ್ಲೋಎನ್ಸಿಸ್ ಅನ್ನುವ ಬ್ಯಾಕ್ಟೀರಿಯಾವನ್ನು ಹಿಡಿದರು. ಬಟ್ಟೆಯಲ್ಲಿ ಉಳಿದ ಜಿಡ್ಡು, ಬೆವರಿನ ಅಂಶವನ್ನು ತಿಂದು ಅದು ವಾಸನೆಯ ಆಮ್ಲವೊಂದನ್ನು ಬಿಡುತ್ತದೆ. ಒಣಗಿಸಿದರೂ ಬದುಕುತ್ತದೆ, ಬಿಸಿಲಿನ ನೇರಳಾತೀತ ಕಿರಣಕ್ಕೂ ಅಷ್ಟು ಸುಲಭವಾಗಿ ಜಗ್ಗುವುದಿಲ್ಲ. ವಾಸನೆ ಹಿಡಿದ ಟವೆಲ್ಲನ್ನು ಬರೀ ಬಿಸಿಲಿಗೆ ಹಾಕಿ ‘ಸರಿಹೋಯ್ತು’ ಅಂದುಕೊಂಡರೆ ಮಾರನೇ ದಿನ ಮತ್ತೆ ಅದೇ ಕಥೆ.

ಬಿಸಿ ಬೇಕು, ಆಕ್ಸಿಜನ್ ಬ್ಲೀಚ್ ಬೇಕು. ಸೋಡಿಯಂ ಪರ್‌ಕಾರ್ಬೊನೇಟ್ ಅಂತ ಪುಡಿ ರೂಪದಲ್ಲಿ ಸಿಗುತ್ತದೆ. ನೀರಲ್ಲಿ ಕರಗಿದಾಗ ಹೈಡ್ರೋಜನ್ ಪೆರಾಕ್ಸೈಡ್ ಬಿಡುತ್ತದೆ. ತಣ್ಣೀರಲ್ಲಿ ಇದು ತೂಕಡಿಸುತ್ತದೆ, ಬಿಸಿನೀರಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಅರ್ಧ ಬಕೆಟ್ ಬಿಸಿನೀರಿಗೆ ಎರಡು ದೊಡ್ಡ ಚಮಚ ಹಾಕಿ ಒಂದೆರಡು ಗಂಟೆ ನೆನೆಸಿ, ಆಮೇಲೆ ಎಂದಿನಂತೆ ಒಗೆಯಿರಿ. ಕೈಗವಸು ಹಾಕಿಕೊಳ್ಳಿ. ಬಣ್ಣದ ಟವೆಲ್ ಆದರೆ ಮೊದಲು ಒಂದು ಮೂಲೆಯಲ್ಲಿ ಪರೀಕ್ಷಿಸಿ. ಕರಗಿಸಿ ಉಳಿದದ್ದನ್ನು ಬಾಟಲಿಗೆ ತುಂಬಿ ಮುಚ್ಚಳ ಬಿಗಿದು ಇಡಬೇಡಿ, ಒಳಗೆ ಆಮ್ಲಜನಕ ತುಂಬಿ ಬಾಟಲಿ ಉಬ್ಬುತ್ತದೆ. ಕಪ್ಪು ಚುಕ್ಕೆ ಬಿದ್ದಿದ್ದರೆ ಅದು ಬೂಷ್ಟು. ಅದಕ್ಕೂ ಇದೇ ಮದ್ದು, ಆದರೆ ಚುಕ್ಕೆ ಹಳೆಯದಾಗಿದ್ದರೆ ಕಲೆ ಪೂರ್ತಿ ಹೋಗುವ ಭರವಸೆ ಇಲ್ಲ.

ವಾಸನೆ ಮತ್ತೆ ಬರದಿರಲು ಮುಖ್ಯ ಕೆಲಸ ಒಂದೇ: ಬೇಗ ಒಣಗಬೇಕು. ಬಾತ್‌ರೂಮಿನ ಮೊಳೆಗೆ ಮುದ್ದೆ ಮಾಡಿ ಸಿಕ್ಕಿಸಿದ ಟವೆಲ್ ಒಣಗುವಷ್ಟರಲ್ಲಿ ಮುಂದಿನ ಸ್ನಾನದ ಹೊತ್ತಾಗಿರುತ್ತದೆ. ಸರಳಿನ ಮೇಲೆ ಪೂರ್ತಿ ಅಗಲಕ್ಕೆ ಹರವಿ, ಆದರೆ ಬಾತ್‌ರೂಮಿನ ಹೊರಗೆ. ಒಣಗಿದೆಯೋ ಇಲ್ಲವೋ ನೋಡಲು ನಡುಭಾಗ ಮುಟ್ಟಬೇಡಿ, ಅದು ಯಾವಾಗಲೂ ಸುಳ್ಳು ಹೇಳುತ್ತದೆ. ಮಡಚಿ ಹೊಲಿದ ಅಂಚು ಕೊನೆಗೆ ಒಣಗುತ್ತದೆ. ಆ ಅಂಚನ್ನು ಕೆನ್ನೆಗೆ ತಾಗಿಸಿ. ತಣ್ಣಗೆ ಅನ್ನಿಸಿದರೆ ಇನ್ನೂ ತೇವ ಇದೆ. ಬೆರಳಿಗೆ ಗೊತ್ತಾಗದ ತೇವ ಕೆನ್ನೆಗೆ ಗೊತ್ತಾಗುತ್ತದೆ.

ಹೀಗೆ ಒಣಗುತ್ತಿದ್ದರೆ ಮೂರ್ನಾಲ್ಕು ಸಲ ಬಳಸಿ ಒಗೆದರೆ ಸಾಕು. ಮುಖದ ಟವೆಲ್ ಇನ್ನೂ ಬೇಗ. ವ್ಯಾಯಾಮದ ಬೆವರು ಒರೆಸಿದ್ದು, ಕಾಯಿಲೆಯವರು ಬಳಸಿದ್ದು ಅವತ್ತೇ.

ರಟ್ಟಿನ ಹಾಗೆ ಆಗದಿರಲು

ಗಾಳಿಯಾಡದ ಕಡೆ ಒಣಗಿದ ಟವೆಲ್ ಸೆಟೆದು ನಿಲ್ಲುತ್ತದೆ. ಬಿಸಿಲು ಜಾಸ್ತಿಯಾಯಿತು ಅಂತ ಹಲವರು ಹೇಳುತ್ತಾರೆ. 2020ರಲ್ಲಿ ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯ ಮತ್ತು ಕಾವೊ ಕಂಪನಿಯ ಸಂಶೋಧಕರು ಹೇಳಿದ್ದು ಬೇರೆ. ಒಣಗಿದ ಮೇಲೂ ಹತ್ತಿಯ ಎಳೆಗೆ ಒಂದಿಷ್ಟು ನೀರು ಅಂಟಿಕೊಂಡೇ ಇರುತ್ತದೆ, ಆ ನೀರೇ ಗೋಂದಿನ ಕೆಲಸ ಮಾಡಿ ಎಳೆಗಳನ್ನು ಒಂದಕ್ಕೊಂದು ಹಿಡಿಸುತ್ತದೆ ಅಂತ. ಎಳೆಗಳನ್ನು ಅಲ್ಲಾಡಿಸಿದರೆ ಆ ಹಿಡಿತ ಬಿಡುತ್ತದೆ. ಗಾಳಿ ಬೀಸುವ ಕಡೆ ಒಣಗಿದ ಟವೆಲ್ ಮೆತ್ತಗಿರುವುದು ಅದಕ್ಕೇ.

ಆದ್ದರಿಂದ ಕೊಡವಿ. ಹಿಂಡಿದ ಟವೆಲ್ಲಿನ ಎರಡು ಮೂಲೆ ಹಿಡಿದು ಫಟ್ ಅಂತ ಸದ್ದು ಬರುವ ಹಾಗೆ ಐದಾರು ಸಲ. ಮಲಗಿದ ಕುಣಿಕೆ ಎದ್ದು ನಿಲ್ಲುವುದು ಕಣ್ಣಿಗೇ ಕಾಣುತ್ತದೆ. ಇನ್ನೊಂದು ತುದಿ ಹಿಡಿದು ಮತ್ತೆ ಕೊಡವಿ. ಮುಕ್ಕಾಲು ಒಣಗಿದಾಗ ಇನ್ನೊಮ್ಮೆ. ಡ್ರೈಯರ್ ಇರುವವರು ಮಧ್ಯಮ ಬಿಸಿಯಲ್ಲಿ ಹತ್ತು ನಿಮಿಷ ತಿರುಗಿಸಿ ಆಮೇಲೆ ದಾರಕ್ಕೆ ಹಾಕಿದರೂ ಆಗುತ್ತದೆ. ಇಸ್ತ್ರಿ ಬೇಡ, ಎಬ್ಬಿಸಿದ ಕುಣಿಕೆಯನ್ನು ಅದು ಮತ್ತೆ ಮಲಗಿಸುತ್ತದೆ.

ಇನ್ನು ಚಿಲ್ಲರೆ ವಿಷಯಗಳು

ಹೊಸ ಟವೆಲ್ ಮೇಲೆ ಮಿಲ್‌ನಲ್ಲೇ ನುಣುಪಿನ ಲೇಪ ಹಾಕಿರುತ್ತಾರೆ. ಒಂದೆರಡು ಸಲ ಬೆಚ್ಚಗಿನ ನೀರಲ್ಲಿ ಒಗೆದ ಮೇಲೆಯೇ ಅದು ಸರಿಯಾಗಿ ನೀರು ಹೀರುವುದು. ಗಾಢ ಬಣ್ಣದ್ದನ್ನು ಮೊದಲ ಕೆಲವು ಸಲ ಒಂಟಿಯಾಗಿ ಒಗೆಯಿರಿ. ಕೊಳ್ಳುವಾಗ ಜಿಎಸ್ಎಂ ನೋಡಿ, ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ತೂಕ ಅಂತ. 700ರ ದಪ್ಪ ಟವೆಲ್ ಕೈಗೆ ಸೊಗಸು, ಒಣಗಲು ಸೋಮಾರಿ. ದಾರದ ಮೇಲೆ ಒಣಗಿಸುವವರಿಗೆ 400ರಿಂದ 500ರದ್ದೇ ಸರಿ.

ನಮ್ಮ ಮನೆಯ ಕಡುನೀಲಿ ಟವೆಲ್ ಒಂದರಲ್ಲಿ ಕಿತ್ತಳೆ ಬಣ್ಣದ ಮಚ್ಚೆಗಳಿವೆ. ಮಗನ ಮೊಡವೆ ಕ್ರೀಮಿನ ಕೆಲಸ. ಅದರಲ್ಲಿರುವ ಬೆನ್ಜಾಯ್ಲ್ ಪೆರಾಕ್ಸೈಡ್ ಬಟ್ಟೆಯ ಬಣ್ಣವನ್ನೇ ತಿನ್ನುತ್ತದೆ. ಅದು ಕಲೆಯಲ್ಲ, ಹೋದ ಬಣ್ಣ. ಎಷ್ಟು ಒಗೆದರೂ ವಾಪಸ್ ಬರುವುದಿಲ್ಲ. ಅಂಥ ಕ್ರೀಮು ಹಚ್ಚುವವರಿಗೆ ಬಿಳಿ ಟವೆಲ್ ಕೊಟ್ಟುಬಿಡಿ.

ಕೂದಲೆಣ್ಣೆ ಮೆತ್ತಿದ ಜಾಗಕ್ಕೆ ಒಗೆಯುವ ಮೊದಲು ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ ಬೆರಳಲ್ಲಿ ತಿಕ್ಕಿ. ಎಣ್ಣೆ ಉಳಿದ ಟವೆಲ್ಲನ್ನು ಡ್ರೈಯರ್‌ಗೆ ಹಾಕಬೇಡಿ. ಎಣ್ಣೆ ಹೀರಿದ ಹತ್ತಿ ಬಿಸಿಬಿಸಿಯಾಗಿ ರಾಶಿ ಬಿದ್ದರೆ ಒಳಗೊಳಗೇ ಕಾದು ತಾನೇ ಹೊತ್ತಿಕೊಳ್ಳುವುದೂ ಉಂಟು. ರಕ್ತದ ಕಲೆಗೆ ತಣ್ಣೀರು ಮಾತ್ರ.

ಉದ್ದಕ್ಕೆ ಎಳೆದುಬಂದ ಕುಣಿಕೆ ಕಂಡರೆ ಕೈ ತುರಿಸುತ್ತದೆ, ಗೊತ್ತು. ಎಳೆಯಬೇಡಿ, ಸಾಲೇ ಬಿಚ್ಚಿಕೊಂಡು ಬರುತ್ತದೆ. ಕತ್ತರಿಯಿಂದ ಬುಡದಲ್ಲಿ ಕತ್ತರಿಸಿ. ಬಟ್ಟೆಯ ನೆಲೆ ಹಿಡಿದಿರುವ ಎಳೆಗಳು ಬೇರೆಯೇ ಇರುವುದರಿಂದ ತೂತು ಬೀಳುವುದಿಲ್ಲ. ಕುಣಿಕೆಗಳೆಲ್ಲ ಸವೆದು ಬೋಳಾದ ಟವೆಲ್ಲನ್ನು ನಾಲ್ಕು ತುಂಡು ಮಾಡಿ ನೆಲ ಒರೆಸಲು ಇಟ್ಟುಕೊಳ್ಳಿ. ಕತ್ತರಿಸಿದ ಅಂಚಿಗೆ ಒಂದು ಸುತ್ತು ಹೊಲಿಗೆ ಹಾಕಿ. ಇಲ್ಲದಿದ್ದರೆ ಒರೆಸಿದ ಕಡೆಯೆಲ್ಲ ನಾರು ಉದುರುತ್ತದೆ.